ಎಬೊನೈಟಿನ ಪೆನ್ನು, ರಾಯಚೂರಿನ ಬಿಸಿಲು

ರಾಯಚೂರು ಸೀಮೆಯಲ್ಲಿ ಮಸಿ ಪೆನ್ನಿನ ಗುಣ ಗೊತ್ತಾಗುವುದು ಬೇಸಗೆಯಲ್ಲಿ. ಕೊಳವೆಯಲ್ಲಿ ಮಸಿ ಅರ್ಧಕ್ಕಿಳಿದಾಗ ಉಳಿದ ಜಾಗದ ಗಾಳಿ ಕೈಯ ಕಾವಿಗೂ ಬಿಸಿಲಿಗೂ ಹಿಗ್ಗಿ, ಮಸಿಯನ್ನು ನಿಬ್ಬಿನ ಕಡೆಗೆ ದಬ್ಬುತ್ತದೆ. ಪಾಮನಕಲ್ಲೂರಿನಲ್ಲಿ ಪಟವಾರಿಕೆಯ, ಅಂದರೆ ಊರ ಜಮೀನಿನ, ಲೆಕ್ಕ ಬರೆಯುತ್ತಿದ್ದ ನಮ್ಮಪ್ಪ, "ತುಂಬಿದ್ರ ಪೂರಾ ತುಂಬು ತಮ್ಮಾ, ಅರ್ಧಾ ಇದ್ರ ಕಾರತದ" ಅನ್ನುತ್ತಿದ್ದರು. ಡ್ರಾಪರಿನಿಂದ ಬಾಯಿಮಟ ತುಂಬಿ, ತಿರುಪಿಗೆ ಚೂರು ಮೇಣ ಸವರಿ ಬಿಗಿಯುತ್ತಿದ್ದರು.

1956ರವರೆಗೆ ನಾವು ಹೈದರಾಬಾದ್ ರಾಜ್ಯದವರು. ಒಳ್ಳೆಯ ಪೆನ್ನು ಬೇಕೆಂದರೆ ಮುಖ ಹೈದರಾಬಾದ್ ನಗರದ ಕಡೆಗೇ. ಅಲ್ಲಿ ಡೆಕ್ಕನ್ ಪೆನ್ ಸ್ಟೋರ್ಸ್ 1928ರಲ್ಲೇ ಶುರುವಾಗಿತ್ತು. ಇನ್ನೂ ಆಚೆ ರಾಜಮಂಡ್ರಿಯಲ್ಲಿ 1932ರಲ್ಲಿ ರತ್ನಂ ಪೆನ್ನು ಬಂತು. ಈ ಸ್ವದೇಶಿ ಪೆನ್ನನ್ನು ಮೆಚ್ಚಿ ಗಾಂಧೀಜಿ 1935ರಲ್ಲಿ ಪತ್ರ ಬರೆದರು. ಆಗಿನ ಈ ಪೆನ್ನುಗಳು ಹೆಚ್ಚಾಗಿ ಎಬೊನೈಟಿನವು. ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿ ಗಟ್ಟಿ ಮಾಡಿದ ಕೋಲನ್ನು ಲೇತಿಗೆ ಹಾಕಿ ಕಡೆದದ್ದು. ಬೆವರುವ ಕೈಯಲ್ಲಿ ಜಾರುವುದಿಲ್ಲ. ಬೆಳಕಿಗೆ ಮಾತ್ರ ಅದು ಕಂದುತ್ತದೆ. ಅಪ್ಪನ ಪೆನ್ನಿನ ಹೊರಮೈ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿದೆ. ಕ್ಯಾಪು ತೆಗೆದರೆ ಒಳಗೆ ಮುಚ್ಚಿಕೊಂಡಿದ್ದ ಭಾಗ ಇನ್ನೂ ಕಡುಗಪ್ಪು.

ನಿಬ್ಬಿಗೆ ಬಂಗಾರ ಯಾಕೆ ಬೇಕಿತ್ತು? ಮಾಚಿಕಾಯಿ, ಅನ್ನಭೇದಿ ಹಾಕಿದ ಹಳೆಯ ಮಸಿಗೆ ಆಮ್ಲದ ಗುಣ. ಆಗಿನ ಉಕ್ಕನ್ನು ಅದು ತಿನ್ನುತ್ತಿತ್ತು, 14 ಕ್ಯಾರಟ್ ಬಂಗಾರವನ್ನು ಮುಟ್ಟುತ್ತಿರಲಿಲ್ಲ. ನಮ್ಮ ಜಿಲ್ಲೆಯ ಹಟ್ಟಿಯಲ್ಲೇ ಬಂಗಾರದ ಗಣಿ, ಆದರೂ ಅಪ್ಪನ ನಿಬ್ಬು ಉಕ್ಕಿನದು. ತುಕ್ಕು ಹಿಡಿದಾಗ ಅದೊಂದನ್ನೇ ಬದಲಿಸುತ್ತಿದ್ದರು.

ಈಗಿನ ಸ್ಟೇನ್‌ಲೆಸ್ ನಿಬ್ಬಿಗೆ ತುಕ್ಕಿನ ಭಯವಿಲ್ಲ, ಮಸಿಯೂ ಬರೀ ಬಣ್ಣದ ನೀರು. ನಿಬ್ಬಿನಡಿಯ ನಾಲಗೆಗೆ ಸಾಲು ಸಾಲಾಗಿ ಸಣ್ಣ ಸೀಳು ಕೊರೆದು, ಹೆಚ್ಚಾದ ಮಸಿ ಅಲ್ಲೇ ತಂಗುವಂತೆ ಮಾಡಿದ್ದಾರೆ. 1941ರ ಪಾರ್ಕರ್ 51ರ ಹೊಟ್ಟೆಯಲ್ಲೂ ಇದೇ ಉಪಾಯವಿತ್ತು. ನಮ್ಮ ಬಿಸಿಲಿನ ಸೀಮೆಗೆ ಇದಕ್ಕಿಂತ ದೊಡ್ಡ ಉಪಕಾರ ಯಾರೂ ಮಾಡಿಲ್ಲ.

ಆದರೆ ಈಗಿನ ಪೆನ್ನಿನೊಳಗೆ ಮಸಿ ಹೀರಿಕೊಳ್ಳುವ ಕನ್ವರ್ಟರಿಗೆ ಹಿಡಿಯುವುದು 1 ಮಿಲಿಲೀಟರಿನೊಳಗೆ. ಹಳೆಯ ಕೊಳವೆಗೆ ಅದರ ಎರಡು-ಮೂರು ಪಟ್ಟು. ಆಗಿನ ಕೈಬರಹದ ಪಹಣಿಯಂಥ ಉದ್ದದ ಬರಹಕ್ಕೆ ಈ ವ್ಯತ್ಯಾಸ ಸಣ್ಣದಲ್ಲ. ಮಸಿ ತುಂಬಿಕೊಂಡೇ ಬರುವ ಕಾರ್ಟ್ರಿಜ್ ಅಂತೂ ಖಾಲಿಯಾದರೆ ಕಸ.

1963ರಲ್ಲಿ ಪಟವಾರಿಕೆಯೇ ರದ್ದಾಯಿತು. ಆದರೆ ಮಸಿ ಪೆನ್ನನ್ನು ಕಚೇರಿಯಿಂದ ಹೊರಹಾಕಿದ್ದು ಅದಲ್ಲ, ಮುಖ್ಯವಾಗಿ ಕಾರ್ಬನ್ ಕಾಗದ ಎಂದು ನನ್ನ ನಂಬಿಕೆ. ರಸೀದಿಯ ಅಡಿಪ್ರತಿ ಮೂಡಬೇಕಾದರೆ ಒತ್ತಿ ಬರೆಯಬೇಕು. ಒತ್ತಿದರೆ ನಿಬ್ಬು ಕವಲೊಡೆಯುತ್ತದೆ. ಬಾಲ್‌ಪೆನ್ನಿಗೆ ಆ ತೊಂದರೆಯಿಲ್ಲ.

ಈಗ ತಮಿಳುನಾಡಿನ ತಿರುವಳ್ಳೂರಿನ ರಂಗ ಪೆನ್ನಿನವರು ಲೇತಿನಲ್ಲಿ ಎಬೊನೈಟ್ ಕಡೆದು, ಅದಕ್ಕೆ ಜರ್ಮನಿಯ ನಿಬ್ಬು, ನಾಲಗೆ ಕೂರಿಸುತ್ತಾರೆ. ಹಳೆಯ ಮೈ, ಹೊಸ ನಾಲಗೆ. ನಮ್ಮ ಊರಿನ ಹವೆಗೆ ಹೊಂದುವ ಪೆನ್ನು ಯಾವುದೆಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ.