ಬಣ್ಣ ನೋಡಿ ಆಟ ಅಳೆದವರು

ಅಮೆರಿಕದಲ್ಲಿ ಮಾರ್ಚ್ ತಿಂಗಳು ಬಂತೆಂದರೆ ಕಾಲೇಜು ಬ್ಯಾಸ್ಕೆಟ್‌ಬಾಲ್ ಜ್ವರ ಏರುತ್ತದೆ. ವಿಶ್ವವಿದ್ಯಾಲಯಗಳ ತಂಡಗಳು ಸೆಣಸುತ್ತವೆ, ಸೋತವರು ಗಂಟುಮೂಟೆ ಕಟ್ಟುತ್ತಾರೆ, ಕೊನೆಗೆ ಎರಡೇ ತಂಡಗಳು ಉಳಿಯುತ್ತವೆ. ಯಾರು ಎತ್ತರ, ಯಾರು ಚುರುಕು ಎಂದು ಆ ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗುವುದು ಪತ್ರಿಕೆಗಳಿಗೆ ಹಬ್ಬ. ಈ ತೂಕ ಎಷ್ಟು ತಪ್ಪಬಹುದು ಎಂಬುದಕ್ಕೆ 1966ರ ಮಾರ್ಚ್ 19ರ ಪಂದ್ಯಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಪಂದ್ಯ ನಡೆದದ್ದು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಕೋಲ್ ಫೀಲ್ಡ್ ಹೌಸ್‌ನಲ್ಲಿ. ಎದುರಾದವರು ಕೆಂಟಕಿ ಮತ್ತು ಟೆಕ್ಸಾಸ್ ವೆಸ್ಟರ್ನ್. ಅಂಕಿಸಂಖ್ಯೆಯಲ್ಲಿ ಎರಡೂ ಸರಿಸಮ. ತಲಾ 27 ಗೆಲುವು, ತಲಾ ಒಂದು ಸೋಲು. ಕೆಂಟಕಿಯನ್ನು ಟೆನೆಸಿ ಮಣಿಸಿತ್ತು. ಟೆಕ್ಸಾಸ್ ವೆಸ್ಟರ್ನ್ ಸಿಯಾಟಲ್ ಎದುರು ಎರಡೇ ಅಂಕಗಳಿಂದ ಸೋತಿತ್ತು. ಆದರೆ ಜನರ ಕಣ್ಣಿಗೆ ಬಿದ್ದದ್ದು ಬೇರೆಯೇ. ಕೆಂಟಕಿಯ ಆಟಗಾರರೆಲ್ಲ ಬಿಳಿಯರು. ಟೆಕ್ಸಾಸ್ ವೆಸ್ಟರ್ನ್ ಆರಂಭದಲ್ಲಿ ಕಣಕ್ಕಿಳಿಸಿದ ಐವರೂ ಕಪ್ಪು ವರ್ಣೀಯರು. ಅಂತಿಮ ಪಂದ್ಯದಲ್ಲಿ ಅಲ್ಲಿಯವರೆಗೆ ಹಾಗಾಗಿರಲಿಲ್ಲ.

ಕಪ್ಪು ಆಟಗಾರರು ಹೊಸಬರೇನೂ ಆಗಿರಲಿಲ್ಲ. ಬಿಲ್ ರಸೆಲ್ ಇದ್ದ ಸ್ಯಾನ್ ಫ್ರಾನ್ಸಿಸ್ಕೊ ತಂಡ 1955 ಮತ್ತು 1956ರಲ್ಲಿ ಪ್ರಶಸ್ತಿ ಗೆದ್ದಿತ್ತು. 1963ರಲ್ಲಿ ಗೆದ್ದ ಷಿಕಾಗೊದ ಲೊಯೋಲಾ ತಂಡದ ಮೊದಲ ಐವರಲ್ಲಿ ನಾಲ್ವರು ಕಪ್ಪು ವರ್ಣೀಯರು. ಆದರೂ ತರಬೇತುದಾರರ ನಡುವೆ ಬರೆದಿಡದ ಲೆಕ್ಕವೊಂದಿತ್ತು. ನಮ್ಮೂರಲ್ಲಿ ಆಡುವಾಗ ಇಬ್ಬರು, ಹೊರಗೆ ಹೋದಾಗ ಮೂವರು, ಸೋಲುತ್ತಿದ್ದರೆ ನಾಲ್ವರು! ನಗೆಮಾತಿನಂತೆ ಹೇಳುತ್ತಿದ್ದರೂ ಅದನ್ನು ಬಹುಮಂದಿ ನಿಜಕ್ಕೂ ಪಾಲಿಸುತ್ತಿದ್ದರು.

ಈಗ ತಂಡಗಳನ್ನು ನೋಡೋಣ. ಕೆಂಟಕಿಯೆಂದರೆ ಹಳೆಯ ದೊಡ್ಡ ಮನೆತನವಿದ್ದಂತೆ. 1930ರಿಂದ ಅದರ ಯಜಮಾನಿಕೆ ಅಡಾಲ್ಫ್ ರಪ್ ಎಂಬ ತರಬೇತುದಾರನದು. ಈ ಆಟವನ್ನು ಹುಟ್ಟುಹಾಕಿದ ಜೇಮ್ಸ್ ನೈಸ್ಮಿತ್ ಅಧ್ಯಾಪಕರಾಗಿದ್ದ ಕಾನ್ಸಸ್ ವಿಶ್ವವಿದ್ಯಾಲಯದಲ್ಲಿ ಓದಿದಾತ. ಅಷ್ಟು ಹೊತ್ತಿಗೆ ನಾಲ್ಕು ರಾಷ್ಟ್ರೀಯ ಪ್ರಶಸ್ತಿ ಗೆದ್ದಿದ್ದಾತ. ಆ ವರ್ಷದ ಅವನ ಮೊದಲ ಐವರಲ್ಲಿ ಆರಡಿ ಐದು ಅಂಗುಲ ಮೀರಿದವರು ಒಬ್ಬರೂ ಇರಲಿಲ್ಲ. ಬ್ಯಾಸ್ಕೆಟ್‌ಬಾಲ್ ಲೆಕ್ಕದಲ್ಲಿ ಇದು ಕುಳ್ಳರ ತಂಡ. ಜನ ಪ್ರೀತಿಯಿಂದ 'ರಪ್‌ನ ಕುಳ್ಳರು' ಎಂದೇ ಕರೆದರು. ಪ್ಯಾಟ್ ರೈಲಿ, ಲೂಯಿ ಡ್ಯಾಂಪಿಯರ್ ಅವರಲ್ಲಿ ಮುಖ್ಯರು. ದೇಶದ ಶ್ರೇಯಾಂಕಪಟ್ಟಿಯಲ್ಲಿ ಈ ತಂಡದ್ದೇ ಮೊದಲ ಸ್ಥಾನ.

ಟೆಕ್ಸಾಸ್ ವೆಸ್ಟರ್ನ್ ಹೆಸರನ್ನು ಪೂರ್ವದ ಊರುಗಳಲ್ಲಿ ಕೇಳಿದವರೇ ಕಡಿಮೆ. ಮೆಕ್ಸಿಕೊ ಗಡಿಗೆ ಅಂಟಿಕೊಂಡ ಎಲ್ ಪಾಸೊ ಊರಿನಲ್ಲಿ 1914ರಲ್ಲಿ ಗಣಿಗಾರಿಕೆ ಕಲಿಸಲೆಂದು ಶುರುವಾದ ಶಾಲೆ ಅದು. ಒಂದು ವಿಚಿತ್ರ ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಆ ಕಾಲೇಜಿನ ಕಟ್ಟಡಗಳೆಲ್ಲ ಭೂತಾನದ ಮಠಕೋಟೆಗಳ ಮಾದರಿಯವು. ಸಿಕ್ಕಿಂನಲ್ಲಿದ್ದ ಬ್ರಿಟಿಷ್ ಅಧಿಕಾರಿ ಜಾನ್ ಕ್ಲಾಡ್ ವೈಟ್ ತೆಗೆದ ಚಿತ್ರಗಳನ್ನು ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯಲ್ಲಿ ನೋಡಿದ ಡೀನ್‌ರ ಪತ್ನಿ, ಈ ಬೋಳುಗುಡ್ಡಗಳ ನಡುವೆ ಅಂಥ ಕಟ್ಟಡಗಳೇ ಒಪ್ಪುತ್ತವೆ ಎಂದು ಸೂಚಿಸಿದರಂತೆ. ಟೆಕ್ಸಾಸ್ ಮರುಭೂಮಿಯಲ್ಲಿ ಹಿಮಾಲಯದ ಇಳಿಜಾರು ಗೋಡೆಗಳು ಎದ್ದದ್ದು ಹೀಗೆ.

ಈ ಕಾಲೇಜು ಕಪ್ಪು ವಿದ್ಯಾರ್ಥಿಗಳಿಗೆ ಬಾಗಿಲು ತೆರೆದದ್ದು 1955ರಲ್ಲಿ, ಥೆಲ್ಮಾ ವೈಟ್ ಎಂಬ ಯುವತಿ ಮೊಕದ್ದಮೆ ಹೂಡಿದ ಮೇಲೆ. ಮರುವರ್ಷವೇ ಅದರ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಕಪ್ಪು ಆಟಗಾರನಿದ್ದ. 1961ರಲ್ಲಿ ತರಬೇತುದಾರನಾಗಿ ಬಂದ ಡಾನ್ ಹ್ಯಾಸ್ಕಿನ್ಸ್ ಈ ದಾರಿಯನ್ನು ಅಗಲಗೊಳಿಸಿದ. ಪ್ರೌಢಶಾಲಾ ತಂಡಗಳನ್ನು ಪಳಗಿಸಿ ಬಂದ ಈ ಮನುಷ್ಯನಿಗೆ ಹೆಸರೂ ಇರಲಿಲ್ಲ, ಕಾಲೇಜಿನಲ್ಲಿ ಹಣವೂ ಇರಲಿಲ್ಲ. ಶ್ರೀಮಂತ ಕಾಲೇಜುಗಳು ಬಣ್ಣ ನೋಡಿ ಬಿಟ್ಟ ಹುಡುಗರನ್ನು ಆತ ಹುಡುಕಿ ತಂದ.

ತಂಡಗಳ ಹುಡುಗರು ಎಲ್ಲಿಯವರೆಂದು ನೋಡಿದರೆ ಇನ್ನೊಂದು ಮಾತು ಹೊಳೆಯುತ್ತದೆ. ಅಂದು ಆಡಿದ ಏಳು ಜನ 'ಟೆಕ್ಸಾಸ್'ನವರಲ್ಲಿ ನಿಜವಾಗಿ ಟೆಕ್ಸಾಸಿನವನು ಡೇವಿಡ್ ಲ್ಯಾಟಿನ್ ಒಬ್ಬನೇ. ಉಳಿದವರು ನ್ಯೂಯಾರ್ಕ್, ಡೆಟ್ರಾಯ್ಟ್ ಪಕ್ಕದ ಹೈಲ್ಯಾಂಡ್ ಪಾರ್ಕ್, ಉಕ್ಕಿನ ಕಾರ್ಖಾನೆಗಳ ಗ್ಯಾರಿ, ಹೀಗೆ ಉತ್ತರದ ಊರುಗಳವರು. ದಕ್ಷಿಣ ಬಿಟ್ಟು ಕೂಲಿ ಅರಸಿ ಹೋದ ಲಕ್ಷಾಂತರ ಕಪ್ಪು ಜನ ನೆಲೆನಿಂತದ್ದು ಇಂಥ ಊರುಗಳಲ್ಲೇ. ಕೆಂಟಕಿಯ ಮೊದಲ ಐವರಲ್ಲೂ ಆ ರಾಜ್ಯದವರು ಇಬ್ಬರೇ. ಎದುರಾಳಿಗಳಿಬ್ಬರೂ ಒಂದೇ ಉತ್ತರದ ಅಂಗಳಗಳಿಂದ ಹುಡುಗರನ್ನು ತಂದಿದ್ದರು. ಆದರೆ ಒಬ್ಬರು ತಂದವರ ಬಣ್ಣ ಬೇರೆ, ಇನ್ನೊಬ್ಬರದು ಬೇರೆ.

ಆಟದ ಬಗೆಗೆ ಪತ್ರಿಕೆಗಳ ಅಂದಾಜು ಏನಿತ್ತು? ಕೆಂಟಕಿಯವರು ಶಿಸ್ತಿನವರು, ತಲೆ ಓಡಿಸಿ ಆಡುವವರು. ಟೆಕ್ಸಾಸಿನವರು ಓಡಾಟ, ಎಗರಾಟದವರು, ಕೈಗೆ ಚೆಂಡು ಸಿಕ್ಕರೆ ಎಸೆಯುವವರು. ಬಾಲ್ಟಿಮೋರ್‌ನ ಪತ್ರಿಕೆಯೊಂದು ಅವರನ್ನು ಕಾಡಿನ ಕೋತಿಗೆ ಹೋಲಿಸಿಬಿಟ್ಟಿತು.

ವಾಸ್ತವ ಇದಕ್ಕೆ ಉಲ್ಟಾ. ಓಡುವ ತಂಡ ಕೆಂಟಕಿಯೇ! ಚೆಂಡು ಸಿಕ್ಕ ಕ್ಷಣ ಮುನ್ನುಗ್ಗಿ, ದೂರದಿಂದ ಎಸೆದು, ಅಂಕಗಳ ಸುರಿಮಳೆಗರೆಯುವುದು ರಪ್‌ನ ಪಾಠ. ಹ್ಯಾಸ್ಕಿನ್ಸ್ ಕಲಿತದ್ದು ಓಕ್ಲಹೋಮದ ಹೆನ್ರಿ ಐಬಾ ಬಳಿ. ಆ ಗುರು ತಾಳ್ಮೆಗೆ ಹೆಸರಾದವನು. ಚೆಂಡನ್ನು ಕೈಯಿಂದ ಕೈಗೆ ದಾಟಿಸುತ್ತ ಸಮಯ ಕಾಯಬೇಕು, ಎದುರಾಳಿಗೆ ಉಸಿರಾಡಲು ಬಿಡದೆ ರಕ್ಷಣೆ ಮಾಡಬೇಕು ಎಂಬುದೇ ಅವನ ಮಂತ್ರ. ಹ್ಯಾಸ್ಕಿನ್ಸ್ ಅದನ್ನೇ ತನ್ನ ಹುಡುಗರ ಮೈಗೂಡಿಸಿದ್ದ. ಶಿಸ್ತಿನಲ್ಲಿ ಅವರನ್ನು ಮೀರಿಸುವವರು ವಿರಳ. ಇಡೀ ಋತು ಹಾಗೆ ಆಡಿದವರನ್ನು ಕಂಡೂ ಬರೆಯುವವರು ಮೈಬಣ್ಣದಿಂದಲೇ ಆಟವನ್ನು ಊಹಿಸಿದರು ಎಂಬುದು ನನಗಂತೂ ಆ ಕೋತಿಯ ಹೋಲಿಕೆಗಿಂತ ಹೆಚ್ಚು ಬೇಸರ ತರುವ ವಿಷಯ.

ಪಂದ್ಯದ ದಿನ ಹ್ಯಾಸ್ಕಿನ್ಸ್ ಒಂದು ಬದಲಾವಣೆ ಮಾಡಿದ. ಆರಡಿ ಎಂಟು ಅಂಗುಲದ ನೆವಿಲ್ ಶೆಡ್‌ನನ್ನು ಕೂರಿಸಿ, ಐದಡಿ ಆರು ಅಂಗುಲದ ವಿಲ್ಲಿ ವೋರ್ಸ್ಲಿಯನ್ನು ಮೊದಲಿಗೇ ಇಳಿಸಿದ. ಚುರುಕಿನ ಕುಳ್ಳರಿಗೆ ಚುರುಕಿನ ಕುಳ್ಳನೇ ಮದ್ದು. ಆರಂಭದಲ್ಲೇ ಲ್ಯಾಟಿನ್ ಹಾರಿ ರೈಲಿಯ ತಲೆಯ ಮೇಲಿಂದ ಚೆಂಡನ್ನು ಬುಟ್ಟಿಗೆ ತುರುಕಿದ. ಬಳಿಕ ಬಾಬಿ ಜೋ ಹಿಲ್ ಸೆಕೆಂಡುಗಳ ಅಂತರದಲ್ಲಿ ಎರಡು ಬಾರಿ ಎದುರಾಳಿಯ ಕೈಯಿಂದ ಚೆಂಡು ಕಸಿದು, ಎರಡು ಸಲವೂ ಒಬ್ಬನೇ ಓಡಿ ಅಂಕ ಗಳಿಸಿದ. ಅರ್ಧದ ಹೊತ್ತಿಗೆ 34-31. ಕೊನೆಗೆ 72-65. ಒಟ್ಟು 20 ಅಂಕ ಹಿಲ್‌ನವು; ರೈಲಿ, ಡ್ಯಾಂಪಿಯರ್ ತಲಾ 19.

ಅಂಕಪಟ್ಟಿಯನ್ನು ಬಿಡಿಸಿ ನೋಡಿದರೆ ಕತೆ ಇನ್ನೂ ಸ್ಪಷ್ಟ. ಆಟದ ನಡುವೆ ಕೆಂಟಕಿ 27 ಬುಟ್ಟಿ ಹಾಕಿತು, ಟೆಕ್ಸಾಸ್ ವೆಸ್ಟರ್ನ್ 22 ಮಾತ್ರ. ಗೆಲುವು ಬಂದದ್ದು ಫ್ರೀ ಥ್ರೋಗಳಿಂದ. ಎದುರಾಳಿ ತಪ್ಪು ಮಾಡಿದಾಗ ಒಬ್ಬನೇ ಗೆರೆಯ ಮೇಲೆ ನಿಂತು ಶಾಂತವಾಗಿ ಎಸೆಯುವ ಎಸೆತ ಅದು. ಟೆಕ್ಸಾಸ್ ವೆಸ್ಟರ್ನ್ 34ರಲ್ಲಿ 28 ಪಡೆಯಿತು. ಕೆಂಟಕಿಗೆ ಸಿಕ್ಕದ್ದೇ 13, ಪಡೆದದ್ದು 11. ಎಗರಾಟದವರು ಎನಿಸಿಕೊಂಡವರು ಗೆದ್ದದ್ದು ಅಲುಗದೆ ನಿಂತು.

ಬಲೆ ಕತ್ತರಿಸಿ ಒಯ್ಯುವುದು ಅಲ್ಲಿ ಗೆದ್ದವರ ವಾಡಿಕೆ. ಅಂದು ಏಣಿ ತರುವವರು ಇರಲಿಲ್ಲವಂತೆ. ವೋರ್ಸ್ಲಿಯನ್ನು ಎತ್ತಿ ಹಿಡಿದವನು ಅವನಿಗೆ ಜಾಗ ಬಿಟ್ಟುಕೊಟ್ಟಿದ್ದ ಶೆಡ್.

ನಂತರ ಬೆಳೆದ ದಂತಕತೆಯಲ್ಲೂ ತಕ್ಕಡಿ ಸರಿಯಿಲ್ಲ. 2006ರ ಹಾಲಿವುಡ್ ಚಿತ್ರ ಹ್ಯಾಸ್ಕಿನ್ಸ್ ಬಂದ ವರ್ಷವೇ ಗೆದ್ದಂತೆ ತೋರಿಸಿತು. ನಿಜದಲ್ಲಿ ಅದು ಐದನೆಯ ಋತು. ರಪ್‌ನನ್ನು ವರ್ಣದ್ವೇಷಿ ಖಳನಾಯಕನೆಂದು ಹಲವರು ಚಿತ್ರಿಸಿದ್ದಾರೆ. 1964ರಲ್ಲಿ ಆತ ವೆಸ್ ಅನ್‌ಸೆಲ್ಡ್ ಎಂಬ ಕಪ್ಪು ಹುಡುಗನನ್ನು ಕರೆದದ್ದುಂಟು, ಹುಡುಗ ಒಪ್ಪಲಿಲ್ಲ. ಆದರೆ ವಿಶ್ವವಿದ್ಯಾಲಯದ ಅಧ್ಯಕ್ಷರೇ ಒತ್ತಾಯಿಸಿದರೂ ಕೆಂಟಕಿ ಪರ ಮೊದಲ ಕಪ್ಪು ಆಟಗಾರ ಆಡಿದ್ದು 1970ರಲ್ಲಿ ಎಂಬುದೂ ಅಷ್ಟೇ ನಿಜ. ಎಲ್ ಪಾಸೊ ಕೂಡ ಸ್ವರ್ಗವಾಗಿರಲಿಲ್ಲ. 1967ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯ ಎಂಬ ಹೊಸ ಹೆಸರು ಪಡೆದ ಅದೇ ಕಾಲೇಜು, ಮರುವರ್ಷ ಬ್ರಿಗಂ ಯಂಗ್ ವಿಶ್ವವಿದ್ಯಾಲಯದ ವಿರುದ್ಧ ಸ್ಪರ್ಧಿಸಲು ನಿರಾಕರಿಸಿದ ಕಪ್ಪು ಓಟಗಾರರನ್ನು ತಂಡದಿಂದ ಹೊರಹಾಕಿತು. ಅವರಲ್ಲೊಬ್ಬ ಬಾಬ್ ಬೀಮನ್. ಅದೇ ಅಕ್ಟೋಬರ್‌ನಲ್ಲಿ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ 8.90 ಮೀಟರ್ ಜಿಗಿದು ಜಗತ್ತನ್ನೇ ಬೆರಗುಗೊಳಿಸಿದವನು.

ಬಣ್ಣ ನೋಡಿ ಆಡಿಸಿದೆಯಾ ಎಂದು ಕೇಳಿದವರಿಗೆಲ್ಲ ಹ್ಯಾಸ್ಕಿನ್ಸ್ ಕೊಡುತ್ತಿದ್ದ ಉತ್ತರ ಒಂದೇ, ತನ್ನಲ್ಲಿದ್ದ ಒಳ್ಳೆಯ ಆಟಗಾರರನ್ನು ಆಡಿಸಿದೆನೆಂದು. ಗೆಲುವಿನ ನಂತರ ಅವನ ಮನೆಗೆ ನಿಂದನೆಯ ಪತ್ರಗಳು ರಾಶಿ ರಾಶಿಯಾಗಿ ಬಂದವು. ಆತ 1999ರವರೆಗೆ ಎಲ್ ಪಾಸೊದಲ್ಲೇ ಉಳಿದ, 2008ರಲ್ಲಿ ತೀರಿಕೊಂಡ. ರಪ್ 1972ರಲ್ಲಿ ನಿವೃತ್ತನಾದ. ಅವನ ಹೆಸರಿನ ಕ್ರೀಡಾಂಗಣದಲ್ಲಿ ಆಡುವ ಕೆಂಟಕಿ ತಂಡ 1998ರಲ್ಲಿ ಮತ್ತೆ ರಾಷ್ಟ್ರೀಯ ಪ್ರಶಸ್ತಿ ಗೆದ್ದಾಗ ತರಬೇತುದಾರನಾಗಿದ್ದವನು ಟಬ್ಬಿ ಸ್ಮಿತ್, ಕಪ್ಪು ವರ್ಣೀಯ.