ಏನಿದು ‘ಆನ್‌ಮೆಲ್ಡುಂಗ್’? ಜರ್ಮನಿಯಲ್ಲಿ ವಿಳಾಸ ಇಲ್ಲದಿದ್ರೆ ಏನಾಗುತ್ತೆ?

ಜರ್ಮನಿಯಲ್ಲಿ ನೆಲೆಸಲು ಹೋದವರು ಮನೆ ಸೇರಿದ 2 ವಾರದೊಳಗೆ ಸ್ಥಳೀಯ ಆಡಳಿತ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಇದೇ ಆನ್‌ಮೆಲ್ಡುಂಗ್. ಬರೀ ಬಾಡಿಗೆ ಕರಾರು ಸಾಲದು. ಮನೆ ಕೊಟ್ಟವರ ದೃಢೀಕರಣ ಪತ್ರವೂ ಬೇಕು. 2015ರ ನವೆಂಬರ್‌ನಿಂದ ಇದು ಕಡ್ಡಾಯ.

ನೋಂದಣಿ ಆದ ಮೇಲಷ್ಟೇ ಹೊಸಬರಿಗೆ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತೆ. ಅದಿಲ್ಲದಿದ್ರೆ ಸಂಬಳದಲ್ಲಿ ಹೆಚ್ಚು ತೆರಿಗೆ ಕಡಿತ ಆಗಬಹುದು.

ಪತ್ರ ಕೊಡೋದು ಮಾಲೀಕರ ಕಾನೂನುಬದ್ಧ ಹೊಣೆ. ಆದರೆ ಮನೆ ಸಿಗೋದೇ ಕಷ್ಟವಾಗಿರುವ ಬರ್ಲಿನ್, ಮ್ಯೂನಿಕ್‌ನಂಥ ನಗರಗಳಲ್ಲಿ ‘ನೋಂದಣಿ ಮಾಡಿಸಬಾರದು’ ಎಂಬ ಷರತ್ತು ಹಾಕಿ ಕೋಣೆ ಕೊಡುವವರೂ ಇದ್ದಾರೆ. ಒಪ್ಪಿದರೆ ತಲೆ ಮೇಲೆ ಸೂರಿರುತ್ತೆ, ಸರ್ಕಾರದ ಲೆಕ್ಕದಲ್ಲಿ ನೀವಿರಲ್ಲ. ಹಾಗಾಗಿ ಬಾಡಿಗೆ ಎಷ್ಟು ಅಂತ ಕೇಳೋ ಮೊದಲು, ಪತ್ರ ಕೊಡ್ತೀರಾ ಅಂತ ಕೇಳಿ.