ಹಿತ್ತಾಳೆಯ ಕಾಲು, ಪೀಣ್ಯದ ಹೊಳಪು

ಹಳೆಯ ತೇಗದ ಮೇಜನ್ನೋ ಬೀಟೆಯ ಕುರ್ಚಿಯನ್ನೋ ರಿಪೇರಿಗೆ ಕೊಡುವಾಗ ಮರಕ್ಕೆ ಸಿಗುವ ಮರ್ಯಾದೆ ಅದರ ಕಾಲಿನ ಲೋಹಕ್ಕೆ ಸಿಗುವುದಿಲ್ಲ. ಮರ ಯಾವ ಜಾತಿಯದು, ಹಳೆಯ ಪಾಲಿಶ್ ಉಳಿಸಬೇಕೇ ತೆಗೆಸಬೇಕೇ ಎಂದೆಲ್ಲ ಚರ್ಚೆ ನಡೆಯುತ್ತದೆ. ಕಾಲಿನ ತುದಿಗೆ ತೊಡಿಸಿದ ಹಿತ್ತಾಳೆಯ ಬಟ್ಟಲು ಮತ್ತು ಗಾಲಿಗಳನ್ನು ಮಾತ್ರ ಯಾರನ್ನೂ ಕೇಳದೆ ಬಿಚ್ಚಿ ಬಫಿಂಗ್‌ಗೆ ಕಳಿಸುತ್ತಾರೆ. ಅವು ಕನ್ನಡಿಯಂತಾಗಿ, ಎಷ್ಟೋ ಸಲ ನಿಕ್ಕಲ್ ಇಲ್ಲವೇ ಕ್ರೋಮ್ ಲೇಪ ಹೊತ್ತು ವಾಪಸು ಬಂದಾಗ ಹಳೆಯ ಅಂದ ಮರಳಿತೆಂದು ಮನೆಯವರು ಖುಷಿಪಡುತ್ತಾರೆ. ಆದರೆ ಆ ಹೊಳಪು ಬೆಂಗಳೂರಿನ ಕಂಟೋನ್ಮೆಂಟ್ ಕಾಲದ್ದಲ್ಲ. ಅದು ಜಾಲಹಳ್ಳಿ, ಯಶವಂತಪುರ, ಪೀಣ್ಯದ ಕಾರ್ಖಾನೆಗಳ ಕಾಲದ್ದು. ಒಂದು ಕಾಲದ ಸಾಮಾನಿಗೆ ಇನ್ನೊಂದು ಕಾಲದ ಮುಖ ಅಂಟಿಸಿ ಅದನ್ನು ಜೀರ್ಣೋದ್ಧಾರ ಎನ್ನುವುದು ಇತಿಹಾಸಕ್ಕೆ ಮಾಡುವ ಅನ್ಯಾಯ ಎಂಬುದು ನನ್ನ ವಾದ.

ಮೊದಲು ಹಿತ್ತಾಳೆಯ ಸಂಗತಿ. ಬ್ರಿಟಿಷರು ಶ್ರೀರಂಗಪಟ್ಟಣದ ತಮ್ಮ ದಂಡನ್ನು ಬೆಂಗಳೂರಿಗೆ ತಂದು ಕಂಟೋನ್ಮೆಂಟ್ ಕಟ್ಟಿದ್ದು 1809ರಲ್ಲಿ. ದಂಡಿನ ಅಧಿಕಾರಿ ಇಂದು ಇಲ್ಲಿ, ನಾಳೆ ಇನ್ನೊಂದು ಊರಲ್ಲಿ. ಹಾಗಾಗಿ ಅವನ ಪೆಟ್ಟಿಗೆ, ಡ್ರಾಯರುಗಳ ಮೂಲೆಮೂಲೆಗೆ ಹಿತ್ತಾಳೆಯ ಪಟ್ಟಿ ಬಡಿದಿರುತ್ತಿತ್ತು. ಬಂಗಲೆಯ ಭಾರದ ಮೇಜು, ಈಸಿಚೇರ್‌ಗಳ ಕಾಲಿಗೆ ಹಿತ್ತಾಳೆಯ ಬಟ್ಟಲು ಮತ್ತು ಹಿತ್ತಾಳೆ ಇಲ್ಲವೇ ಪಿಂಗಾಣಿಯ ಗಾಲಿ ಬರುತ್ತಿದ್ದವು. ಇಂಗ್ಲೆಂಡಿನ ಕೋಪ್ ಅಂಡ್ ಕಾಲಿನ್‌ಸನ್‌ನಂಥ ತಯಾರಕರು ಗಾಲಿಯ ಮೇಲೆ ತಮ್ಮ ಹೆಸರನ್ನು ಒತ್ತುತ್ತಿದ್ದರು. ಸಾಮಾನಿನ ವಯಸ್ಸು ಊಹಿಸಲು ಇಂದಿಗೂ ಆ ಪುಟ್ಟ ಅಕ್ಷರಗಳಷ್ಟು ನೆರವಾಗುವ ಕುರುಹು ಕಡಿಮೆ. ಹತ್ತೊಂಬತ್ತನೇ ಶತಮಾನದ ಇಂಥ ಹಿತ್ತಾಳೆಗೆ ಕನ್ನಡಿಯ ಹೊಳಪು ಕೊಡುವುದು ವಾಡಿಕೆಯಾಗಿರಲಿಲ್ಲ. ಆಮ್ಲದಲ್ಲಿ ಅದ್ದಿ ಮೇಲ್ಮೈಯನ್ನು ಶುಚಿ ಮಾಡಿ, ಬಿಸಿ ಮಾಡಿ, ಅದರ ಮೇಲೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗನ್ನು ತೆಳುವಾಗಿ ಹಚ್ಚುತ್ತಿದ್ದರು. ಚಿನ್ನದ ಬಣ್ಣ ಬರಲೆಂದು ಅದಕ್ಕೆ ಅರಿಶಿನ ಸೇರಿಸುವುದೂ ಇತ್ತು. ಅರಗು ಹೋಗುತ್ತಿದ್ದುದು ಭಾರತದಿಂದಲೇ. ಚನ್ನಪಟ್ಟಣದ ಗೊಂಬೆಗೆ ಹಳದಿ ಬಣ್ಣ ಬರುವುದೂ ಅದೇ ಅರಗು, ಅದೇ ಅರಿಶಿನದಿಂದ. ಇಂಗ್ಲೆಂಡಿನ ಗಾಲಿಗೂ ಚನ್ನಪಟ್ಟಣದ ಬುಗುರಿಗೂ ಇರುವ ಈ ನಂಟು ಬಫಿಂಗ್ ಚಕ್ರಕ್ಕೆ ಒಡ್ಡಿದ ಕೆಲವೇ ನಿಮಿಷಗಳಲ್ಲಿ ಸವೆದುಹೋಗುತ್ತದೆ. ತಯಾರಕನ ಹೆಸರೂ ಜೊತೆಗೇ ಹೋಗುತ್ತದೆ.

ಕ್ರೋಮ್‌ನ ಕಥೆ ಬೇರೆ. ವಿದ್ಯುತ್ತಿಲ್ಲದೆ ಅದಿಲ್ಲ, ಮತ್ತು ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗೆ ಬಂದದ್ದು 1905ರಲ್ಲಿ. ನಿಕ್ಕಲ್ ಲೇಪ ಹತ್ತೊಂಬತ್ತನೇ ಶತಮಾನದಲ್ಲೇ ಇತ್ತು. ಅದನ್ನು ಬೇಗನೆ, ದಪ್ಪವಾಗಿ ಕೂರಿಸುವ ದ್ರಾವಣವನ್ನು ಅಮೆರಿಕದ ಆಲಿವರ್ ವಾಟ್ಸ್ ಪ್ರಕಟಿಸಿದ್ದು 1916ರಲ್ಲಿ. ಕ್ರೋಮಿಯಂ ಲೇಪ ವ್ಯಾಪಾರಕ್ಕೆ ಒದಗಿದ್ದು 1920ರ ದಶಕದ ನಡುವೆ. ವಿನ್ಯಾಸಕಾರ ಮಾರ್ಸೆಲ್ ಬ್ರಾಯರ್ ಉಕ್ಕಿನ ಕೊಳವೆ ಬಗ್ಗಿಸಿ ಕುರ್ಚಿ ಮಾಡಿದ್ದೂ ಅದೇ ಹೊತ್ತಿಗೆ, 1925ರ ಸುಮಾರಿಗೆ. ಅಂದರೆ ವಿಕ್ಟೋರಿಯಾ ಕಾಲದ ಮೇಜಿನ ಕಾಲಲ್ಲಿ ಕ್ರೋಮ್ ಕಂಡರೆ ಅದು ಆಮೇಲೆ ಸೇರಿದ್ದೆಂದು ಅನುಮಾನವಿಲ್ಲದೆ ಹೇಳಬಹುದು. ನಗರದ ಉತ್ತರಕ್ಕೆ ಲೋಹದ ಕೆಲಸ ದೊಡ್ಡದಾಗಿ ಬಂದದ್ದು ಸ್ವಾತಂತ್ರ್ಯದ ನಂತರ. 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್‌ಎಂಟಿಯ ಗಡಿಯಾರ ಕಾರ್ಖಾನೆ. 1970ರ ದಶಕದ ಕೊನೆಗೆ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯಿತು, ಅದರ ಸಾವಿರಾರು ಸಣ್ಣ ಘಟಕಗಳ ನಡುವೆ ಪ್ಲೇಟಿಂಗ್ ಶೆಡ್ಡುಗಳೂ ತಲೆಯೆತ್ತಿದವು. ಯಂತ್ರದ ಹಿಡಿಗೆ, ಮೀಟರಿನ ಚೌಕಟ್ಟಿಗೆ ಸಲ್ಲುವ ಹೊಳಪು ಹೀಗೆ ಕೈಗೆಟುಕುವ ದರಕ್ಕೆ ಪಕ್ಕದಲ್ಲೇ ಸಿಗುವಂತಾಯಿತು. ಅಜ್ಜನ ಮೇಜಿನ ಕಾಲೂ ಅದೇ ತೊಟ್ಟಿಗೆ ಇಳಿಯಿತು.

ಇದಕ್ಕೆ ಬಲವಾದ ಒಂದು ಆಕ್ಷೇಪವಿದೆ. ಕಪ್ಪಿಟ್ಟ ಹಿತ್ತಾಳೆ ನಮ್ಮಲ್ಲಿ ಮೈಲಿಗೆಯಂತೆ. ಹಬ್ಬ ಬಂದರೆ ದೀಪ, ಕೊಡ, ತಟ್ಟೆಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗುವುದೇ ಸಂಪ್ರದಾಯ. ಹಾಗಿರುವಾಗ ಕುರ್ಚಿಯ ಕಾಲನ್ನು ಹೊಳೆಯಿಸಿದರೆ ತಪ್ಪೇನು? ಸಂಪ್ರದಾಯ ನಿಜ, ಅದರ ಬಗ್ಗೆ ಗೌರವವೂ ಇದೆ. ಆದರೆ ದೀಪ ತಿಕ್ಕಿಸಿಕೊಳ್ಳಲೆಂದೇ ದಪ್ಪವಾಗಿ ಎರಕವಾದದ್ದು, ತೊಳೆದ ಕೂಡಲೇ ಒರೆಸಿ ಒಣಗಿಸುವಂಥದ್ದು. ಕಾಲಿನ ಬಟ್ಟಲು ತೆಳುವಾದದ್ದು. ಅದರೊಳಗೆ ಮರದ ತುದಿಯಿದೆ, ಕಬ್ಬಿಣದ ಮೊಳೆಯಿದೆ. ಹುಣಸೆಯ ನೀರು ಸಂದಿಯಲ್ಲಿ ನಿಂತರೆ ಮರ ಕೊಳೆಯುತ್ತದೆ, ಮೊಳೆ ತುಕ್ಕು ಹಿಡಿಯುತ್ತದೆ. ಹುಳಿಯಲ್ಲಿ ಹೆಚ್ಚು ಹೊತ್ತು ನೆನೆದ ಹಿತ್ತಾಳೆ ಅಲ್ಲಲ್ಲಿ ಕೆಂಪಾಗುವುದನ್ನು ಎಲ್ಲರೂ ಕಂಡಿದ್ದಾರೆ: ಮಿಶ್ರಲೋಹದ ಸತು ಕರಗಿಹೋಗಿ ಮೇಲ್ಮೈಯಲ್ಲಿ ತಾಮ್ರ ಉಳಿಯುತ್ತದೆ. ಡಬ್ಬದಲ್ಲಿ ಸಿಗುವ ಲೋಹದ ಪಾಲಿಶ್‌ಗಳಲ್ಲಿ ಅನೇಕವುಗಳಿಗೆ ಅಮೋನಿಯಾ ಬೆರೆತಿರುತ್ತದೆ, ಅದರ ಅಪಾಯ ಇನ್ನೂ ಆಳದ್ದು. ಬ್ರಿಟಿಷ್ ಭಾರತದ ಸೇನೆ ಇದನ್ನು ಕಷ್ಟಪಟ್ಟು ಕಲಿಯಿತು. ಮಳೆಗಾಲದಲ್ಲಿ ಲಾಯಗಳ ಬಳಿ ಇಟ್ಟ ತೋಟಾಗಳ ಹಿತ್ತಾಳೆ ಕವಚಗಳು ತಾವಾಗಿಯೇ ಸೀಳುತ್ತಿದ್ದವು. ಕುದುರೆಗಳ ಮೂತ್ರದಿಂದ ಏಳುವ ಅಮೋನಿಯಾ, ಲೋಹವನ್ನು ಎಳೆದು ರೂಪಿಸುವಾಗ ಅದರೊಳಗೆ ಉಳಿದ ಬಿಗಿತ ಎರಡೂ ಸೇರಿ ಹೀಗಾಗುತ್ತದೆಂದು 1921ರಲ್ಲಿ ಪ್ರಕಟವಾದ ಸಂಶೋಧನೆ ವಿವರಿಸಿತು. ತಗಡನ್ನು ಒತ್ತಿ ಮಾಡಿದ ಕಾಲಿನ ಬಟ್ಟಲಲ್ಲೂ ಅಂಥದೇ ಬಿಗಿತ ಇರಬಲ್ಲದು. ಅದರ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ಹಳೆಯದಾಯಿತೆಂದು ಸುಮ್ಮನಾಗದೆ, ಅದಕ್ಕೆ ಏನೇನು ಸವರಿದ್ದೇವೆಂದೂ ವಿಚಾರಿಸಬೇಕು.

ಹಾಗಾದರೆ ಕಿಲುಬನ್ನು ಹಾಗೇ ಬಿಡಬೇಕೇ? ಖಂಡಿತ ಬೇಡ. ಕಂದು ಬಣ್ಣದ ಮಾಸಲು ಲೋಹವನ್ನು ಕಾಪಾಡುತ್ತದೆ, ಅದನ್ನು ಬಿಡಬೇಕು. ಪುಡಿಪುಡಿಯಾಗಿ ಉದುರುವ ತಿಳಿಹಸಿರು ಕಿಲುಬು ಲೋಹವನ್ನು ತಿನ್ನುತ್ತಿರುವ ಗುರುತು, ಅದನ್ನು ತೆಗೆಯಲೇಬೇಕು. ಆದರೆ ಸಾಧನ ಬಿದಿರಿನ ಕಡ್ಡಿಯೋ ಮೃದು ಬ್ರಷ್ಷೋ ಆಗಿರಲಿ, ಉಕ್ಕಿನ ನಾರು ಬೇಡ. ಕೆಲಸ ಶುರುಮಾಡುವ ಮುನ್ನ ಆಯಸ್ಕಾಂತ ಹಿಡಿಯಬೇಕು. ಅಂಟಿದರೆ ಒಳಗೆ ಕಬ್ಬಿಣ ಅಥವಾ ಉಕ್ಕಿದೆ, ಮೇಲಿರುವುದು ಲೇಪ. ತಿಕ್ಕಿದರೆ ಲೇಪವೇ ಹೋಗುತ್ತದೆ. ಸ್ಪಿರಿಟ್ ತಾಗಿಸಿದ ಹತ್ತಿಯಿಂದ ಕಾಣದ ಒಂದು ಮೂಲೆಯನ್ನು ಒರೆಸಿ ನೋಡಬೇಕು. ಹತ್ತಿಗೆ ಹೊಂಬಣ್ಣದ ಅಂಟು ಬಂದರೆ ಹಳೆಯ ಅರಗು ಇನ್ನೂ ಉಳಿದಿರಬಹುದು, ಅಲ್ಲಿಗೆ ಕೈ ನಿಲ್ಲಿಸಬೇಕು. ಅರಗು ಪೂರ್ತಿ ಹೋಗಿದ್ದರೆ ಹೊಸದಾಗಿ ಹಚ್ಚುವುದು ನುರಿತ ಕೈಗೆ ಕಷ್ಟವೇನಲ್ಲ, ದುಬಾರಿಯೂ ಅಲ್ಲ.

ಇನ್ನೊಂದು ಪ್ರಶ್ನೆ ನನ್ನ ವಾದದೊಳಗಿಂದಲೇ ಏಳುತ್ತದೆ. ಕಾರ್ಖಾನೆಯ ಹೊಳಪೂ ಈ ಊರಿನ ಇತಿಹಾಸವೇ ತಾನೆ? ಹೌದು, ಮತ್ತು ಅದನ್ನು ಅಷ್ಟೇ ಕಾಳಜಿಯಿಂದ ಕಾಯಬೇಕು. ಕಾರ್ಖಾನೆಗಳ ಕಾಲದ ಕ್ವಾರ್ಟರ್ಸುಗಳಿಗೂ ಕಚೇರಿಗಳಿಗೂ ಒಪ್ಪುವ ಉಕ್ಕಿನ ಕೊಳವೆಯ ಕುರ್ಚಿಗೆ ಕ್ರೋಮ್ ಹುಟ್ಟಿನಿಂದ ಬಂದ ಮೈಬಣ್ಣ. ಅದರ ಕಾಲಿನಲ್ಲಿ ತುಕ್ಕಿನ ಚುಕ್ಕಿ ಎದ್ದರೆ ನೀರಲ್ಲಿ ಅದ್ದಿದ ಅಲ್ಯೂಮಿನಿಯಂ ಹಾಳೆಯ ಉಂಡೆಯಿಂದ ಮೆಲ್ಲಗೆ ಉಜ್ಜಿ, ಒಣಗಿಸಿ, ಮೇಣ ಹಚ್ಚಿದರೆ ಬಹುಪಾಲು ಸಾಕು. ಮರುಲೇಪಕ್ಕೆ ಕಳಿಸುವುದು ಕೊನೆಯ ದಾರಿ. ಅದಕ್ಕೆ ಕಾರಣ ಹಣವೊಂದೇ ಅಲ್ಲ. ಕ್ರೋಮ್ ತೊಟ್ಟಿಯಲ್ಲಿ ಸಾಮಾನ್ಯವಾಗಿ ಬಳಸುವ ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್ ತರುವ ವಿಷ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ಅಧ್ಯಯನಗಳಲ್ಲಿ ದಾಖಲಾಗಿದೆ. ಪ್ಲೇಟಿಂಗ್ ಕೆಲಸಗಾರರ ಅನ್ನ ಕಸಿಯುವ ಮಾತು ಇದಲ್ಲ. ಅರಗು ಹಚ್ಚುವುದಕ್ಕೂ ನುರಿತ ಕೈ ಬೇಕು: ಲೋಹವನ್ನು ಹದವಾಗಿ ಕಾಯಿಸುವುದು, ಬ್ರಷ್ಷನ್ನು ಒಂದೇ ಎಳೆತದಲ್ಲಿ ಓಡಿಸುವುದು, ಹೊಗೆಯಿಲ್ಲದ, ಧೂಳಿಲ್ಲದ ಜಾಗದಲ್ಲಿ ಆರಲು ಬಿಡುವುದು. ಬಫಿಂಗ್ ಚಕ್ರದ ಮುಂದೆ ವರ್ಷಗಟ್ಟಲೆ ನಿಂತು ಲೋಹದ ಮೈಯನ್ನು ಬೆರಳಲ್ಲೇ ಓದಬಲ್ಲವರು ಅದನ್ನು ಬೇಗ ಕಲಿಯುತ್ತಾರೆ. ಆ ಕೆಲಸಕ್ಕೆ ತಕ್ಕ ಕೂಲಿ ಕೊಡಬೇಕಾದವರು ಸಾಮಾನಿನ ಒಡೆಯರು.